ಆ ವರ್ಷ ಸತ್ತವರ ಪಟ್ಟಿ

ಅಮೆರಿಕದ ಕ್ಯಾಂಪ್‌ಬೆಲ್‌ನಲ್ಲಿ ನಮ್ಮ ಪಕ್ಕದ ಮನೆಯ ಅಮೆರಿಕನ್ ಅಜ್ಜಿಗೆ ತಮ್ಮ ವಂಶದ ಹಿರಿಯರನ್ನು ಹಳೆಯ ದಾಖಲೆಗಳಲ್ಲಿ ಹುಡುಕುವ ಹುಚ್ಚು. ಅವರ ಕಣ್ಣು ಮಂಜಾದ ಮೇಲೆ ಆ ಹುಚ್ಚು ನನಗೂ ಅಂಟಿತು. ಶನಿವಾರ ಬೆಳಿಗ್ಗೆ ಲ್ಯಾಪ್‌ಟಾಪು ಹಿಡಿದು ನಮ್ಮ ಅಡುಗೆಮನೆಗೆ ಬಂದುಬಿಡುತ್ತಾರೆ; ಹತ್ತೊಂಬತ್ತನೇ ಶತಮಾನದ ಜನಗಣತಿಯ ಹಾಳೆಗಳನ್ನು ನಾನು ಓದಿ ಹೇಳಬೇಕು. ಬರೆದ ಪುಣ್ಯಾತ್ಮನ ಅಕ್ಷರವೋ, ಕೋಳಿ ಕೆದರಿದ ಹಾಗೆ.

ಆಗಿನ ಗಣತಿಯವರು ಬದುಕಿದ್ದವರನ್ನಷ್ಟೇ ಅಲ್ಲ, ಹಿಂದಿನ ಹನ್ನೆರಡು ತಿಂಗಳಲ್ಲಿ ಆ ಮನೆಯಲ್ಲಿ ಸತ್ತವರನ್ನೂ ಬೇರೊಂದು ಪಟ್ಟಿಯಲ್ಲಿ ಬರೆದುಕೊಳ್ಳುತ್ತಿದ್ದರು. ಹೆಸರು, ವಯಸ್ಸು, ತಿಂಗಳು, ಕಾರಣ. ಹೋದ ಯುಗಾದಿಗೆ ಮುಂಚಿನ ಶನಿವಾರ ಅಜ್ಜಿಯ ಮುತ್ತಜ್ಜಿಯ ಮನೆಯ ಸಾಲು ಸಿಕ್ಕಿತು. ವಯಸ್ಸಿನ ಜಾಗದಲ್ಲಿ 3/12 ಎಂದಿತ್ತು. ನಾನು ದೊಡ್ಡ ಜಾಣೆಯಂತೆ ಡಿಸೆಂಬರ್ ಮೂರು ಎಂದೆ. ಅಜ್ಜಿ ನಕ್ಕು, ಅದು ತಾರೀಖಲ್ಲ, ಹನ್ನೆರಡು ತಿಂಗಳಲ್ಲಿ ಮೂರು, ಅಂದರೆ ಮೂರು ತಿಂಗಳ ಮಗು ಎಂದರು. ಹೆಸರಿನ ಜಾಗ ನೋಡಿದೆ. ಬರೀ ‘ಶಿಶು’ ಎಂದಿತ್ತು.

ಎದುರಿಗೆ ನನ್ನ ಅವ್ವ ಮೆಂತ್ಯದ ಸೊಪ್ಪು ಸೋಸುತ್ತ ಕೂತಿದ್ದಳು. “ಏನಂತ?” ಎಂದಳು. ವಿವರಿಸಿದೆ.

“ಹೆಸರಿಡೂಕಿಂತ ಮೊದಲ ಹೋದ ಕೂಸನ್ನೂ ಬರಕೊಂಡಾರೇನು?”

“ಹೂಂ ಅವ್ವಾ, ಬರಕೊಂಡಾರ.”

ನನಗಿಂತ ಮೊದಲು ಅವ್ವನಿಗೆ ಒಂದು ಹೆಣ್ಣುಮಗು ಹುಟ್ಟಿ ತೀರಿಹೋಗಿತ್ತೆಂದು ನಾನು ಸಣ್ಣವಳಿದ್ದಾಗ ಅತ್ತೆಯೊಬ್ಬಳು ಬಾಯಿ ತಪ್ಪಿ ಹೇಳಿದ್ದಳು. ಅವ್ವನನ್ನು ಕೇಳಿದರೆ ಎದ್ದು ಒಳಗೆ ಹೋದಳು. ಮತ್ತೆ ಕೇಳುವ ಧೈರ್ಯ ಬರಲಿಲ್ಲ. ಆದರೆ ಅಕ್ಕ ಬೇಕೆಂಬ ಆಸೆ ಹೋಗಲೇ ಇಲ್ಲ. ಗೆಳತಿಯರು ಅಕ್ಕನ ಹಳೆಯ ಲಂಗ ಉಟ್ಟು ಗೊಣಗುವಾಗ ನನಗೆ ಹೊಟ್ಟೆ ಉರಿಯುತ್ತಿತ್ತು. ಹೋದ ಆ ಅಕ್ಕನ ಬಗ್ಗೆ ಅವ್ವನ ಬಾಯಿಂದ ಒಂದೇ ಒಂದು ಮಾತು ಕೇಳಿದರೆ ಸಾಕಿತ್ತು. ಅವ್ವನಿಗೆ ಎಂಬತ್ತು ದಾಟಿದೆ. ಹೇಳದೆಯೇ ಹೋಗಿಬಿಡುತ್ತಾಳೆಂಬ ಭಯ ನನ್ನದು.

ಅವ್ವ ಕೈ ಒರೆಸಿಕೊಂಡಳು. “ಹಂಗಾರ ನಂದೂ ಒಂದು ಬರಿ.”

ಗ್ರೋಸರಿ ಚೀಟಿಯನ್ನೇ ತಿರುವಿ ಹಾಕಿ ಪೆನ್ನು ಹಿಡಿದೆ. ಅವ್ವ ಒಂದೊಂದಾಗಿ ಹೇಳುತ್ತ ಹೋದಳು. ಹತ್ತು ದಿನದ ಕೂಸು. ಶ್ರಾವಣ. ಜ್ವರ. “ಹನ್ನೆರಡನೇ ದಿನಾ ತೊಟ್ಟಲದಾಗ ಹಾಕಿ ಹೆಸರಿಡೂದಿತ್ತು,” ಎಂದಳು. ಹೆಸರಿನ ಜಾಗದಲ್ಲಿ ನಾನು ಗೆರೆ ಎಳೆಯಹೋದೆ.

“ಗೆರಿ ಯಾಕ ಎಳೀತಿ? ಹೆಸರು ಇಟ್ಟಿದ್ದೆ ನಾ. ಅಕಿ ಕಿವ್ಯಾಗ ಹೇಳಿದ್ದೆ. ಮತ್ತ ಯಾರಿಗೂ ಹೇಳಿಲ್ಲ.”

ಹೇಳಿದಳು. ಬರೆದೆ.

ಅವ್ವ ಚೀಟಿಯನ್ನು ಅಜ್ಜಿಯ ಮುಂದೆ ಸರಿಸಿ, ತನಗೆ ಬರುವ ನಾಲ್ಕು ಮಾತಿನ ಇಂಗ್ಲಿಷಿನಲ್ಲಿ, “ಮೈ ಫಸ್ಟ್ ಡಾಟರ್,” ಎಂದಳು. ಆಮೇಲೆ ನನ್ನ ಕಡೆ ಕೈ ತೋರಿಸಿ, “ಸೆಕೆಂಡ್.”

ಐವತ್ತಾರು ವರ್ಷ ಮನೆಗೆ ಹಿರಿಮಗಳಾಗಿದ್ದ ನಾನು ಅಳುತ್ತಲೇ ಹೌದೆಂದು ತಲೆಯಾಡಿಸಿದೆ.