ಬಿಗಿ ರಿವಾಲ್ವರಿಗೆ ನಾನು ತುಂಬಿದ ಐವತ್ತು

ತಪ್ಪು ನನ್ನದೇ. ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಇಲ್ಲದಿದ್ದರೆ ಬಾಥೆಲ್‌ನ ಯಾವುದಾದರೂ ಕನ್ನಡಿಗರ ಮನೆಯ ಪಾಟ್‌ಲಕ್ ಊಟದಲ್ಲಿ ಬಿಸಿಬೇಳೆಭಾತಿನ ಜೊತೆಗೆ ಈ ಕಥೆಯನ್ನೂ ನಿಮಗೆ ಬಡಿಸುತ್ತಾರೆ, ಒಗ್ಗರಣೆ ಸಮೇತ. ಖಾಲಿ ಹಿತ್ತಾಳೆ ಚಿಪ್ಪುಗಳಿಗೆ ಮದ್ದು ಹಾಕಿ, ಗುಂಡು ಕೂರಿಸಿ ಐವತ್ತು ಕಾಡತೂಸು ತುಂಬಿದೆ, ಪರೀಕ್ಷಿಸಿದ್ದು ಐದನ್ನು. ಹೊಟ್ಟೆಪಾಡಿಗೆ ನಾನು ಮಾಡುವ ಕೆಲಸ ಸಾಫ್ಟ್‌ವೇರ್ ಪರೀಕ್ಷೆ ಎಂಬುದನ್ನೂ ಇಲ್ಲೇ ಹೇಳಿಬಿಡುವುದು ವಾಸಿ.

ಈ ಸಿಯಾಟಲ್ ಸೀಮೆಗೆ ಬಂದಮೇಲೆ ನಮ್ಮ ಜನರ ಕೈಗಳಿಗೆ ಏನೋ ಆಗುತ್ತದೆ. ಊರಿನಲ್ಲಿ ಬಲ್ಬ್ ಬದಲಿಸಲೂ ಎಲೆಕ್ಟ್ರಿಷಿಯನ್ನನ್ನು ಕರೆಯುತ್ತಿದ್ದವರು ಇಲ್ಲಿ ಬಡಗಿಗಳಾಗುತ್ತಾರೆ, ಕಾಫಿಬೀಜ ಹುರಿಯುತ್ತಾರೆ, ಕರಕಲಾದದ್ದನ್ನು ನಮಗೆ ಕುಡಿಸಿ ಹೊಗಳಿಕೆಗಾಗಿ ಮುಖ ನೋಡುತ್ತಾರೆ. ಗುರುಪಾದಪ್ಪ ಕಾಕಾ ಮಾತ್ರ ಸೀಸ ಕರಗಿಸಿ ಗುಂಡು ಎರಕ ಹೊಯ್ಯುತ್ತಾರೆ. ಗದಗಿನ ಕಡೆಯವರು, ಎವರೆಟ್‌ನ ವಿಮಾನ ಕಾರ್ಖಾನೆಯಲ್ಲಿ ಬಿಡಿಭಾಗಗಳ ಅಳತೆ ನೋಡುವ ಕೆಲಸ. ಮೊಟ್ಟೆಯನ್ನೂ ಮುಟ್ಟದ ಮನುಷ್ಯ. ಸ್ನೊಕ್ವಾಲ್ಮಿ ಊರಿನ ತಮ್ಮ ಮನೆಗೆ ಜೇಡ ಬಂದರೆ ಲೋಟದಲ್ಲಿ ಹಿಡಿದು ಹಿತ್ತಿಲಿಗೆ ಬಿಟ್ಟುಬರುತ್ತಾರೆ. ಅವರ ರಿವಾಲ್ವರ್ ಇದುವರೆಗೆ ಕೊಂದಿರುವುದು ಗುರಿಹಲಗೆಯ ಕಾಗದವನ್ನು ಮಾತ್ರ.

ಅವರ ಗ್ಯಾರೇಜಿನಲ್ಲಿ ಸೀಸದ ಮಡಿ ನಡೆಯುತ್ತದೆ. ಸೀಸದ ಪುಡಿ ಅಡುಗೆಮನೆ ತಲುಪಬಾರದು. ಹಾಗಾಗಿ ಕೆಲಸದ ಅಂಗಿಯನ್ನು ಅಲ್ಲೇ ಕಳಚಬೇಕು, ಮೊಣಕೈವರೆಗೆ ಸೋಪು ಹಚ್ಚಿ ತೊಳೆಯಬೇಕು, ಅಲ್ಲಿಯವರೆಗೆ ಅವರ ಹೆಂಡತಿ, ಅಂದರೆ ನಮ್ಮ ಕಾಕು, ಮಾಡಿದ ಚಹಾ ಬಾಗಿಲಿನಾಚೆಯೇ. ಕಾಲೇಜಿನಲ್ಲಿ ಮಡಿಯನ್ನು ಗೇಲಿ ಮಾಡಿ ಭಾಷಣ ಬಿಗಿದು ಕಪ್ ಗೆದ್ದವನು ನಾನು. ಒದ್ದೆ ಕೈ ಎತ್ತಿ ಹಿಡಿದು, ಯಾರನ್ನೂ ಮುಟ್ಟದೆ ಆ ಬಾಗಿಲಲ್ಲಿ ನಿಂತಾಗ ಕಪ್ಪನ್ನು ವಾಪಸು ಮಾಡಬೇಕೆನಿಸಿತು.

ಗುರಿ ಹೊಡೆಯುವವರ ಕ್ಲಬ್ಬಿನ ತಿಂಗಳ ಸ್ಪರ್ಧೆಯನ್ನು ಕಾಕಾ ಒಂಬತ್ತು ವರ್ಷದಿಂದ ಒಮ್ಮೆಯೂ ತಪ್ಪಿಸಿದವರಲ್ಲ. ಈ ಸಲ ಮಣಿಕಟ್ಟು ಉಳುಕಿತ್ತು. ಪಟ್ಟಿಯಲ್ಲಿ ತಮ್ಮ ಸಾಲು ಖಾಲಿ ಉಳಿಯಬಾರದೆಂದು, ಆರು ತಿಂಗಳಿಂದ ಅವರ ಶಿಷ್ಯನಾಗಿದ್ದ ನನ್ನನ್ನು ಬದಲಿಯಾಗಿ ನಿಲ್ಲಿಸಿದರು. ರಿವಾಲ್ವರ್ ಅವರದು, ಎರೆದ ಗುಂಡೂ ಅವರದು. ತುಂಬುವುದು, ಹೊಡೆಯುವುದು ನಾನು.

ಹಿತ್ತಾಳೆಯ ಚಿಪ್ಪಿನ ಬಾಯನ್ನು ಕೂದಲೆಳೆಯಷ್ಟು ಅಗಲಿಸಿದ ಮೇಲೆಯೇ ಗುಂಡನ್ನು ಕೂರಿಸಬೇಕು. ಇಲ್ಲವಾದರೆ ಮೆದು ಸೀಸ ಕೆರೆದು ಬಂದು ಬಾಯಿಯ ಸುತ್ತ ಬಳೆಯಂತೆ ನಿಲ್ಲುತ್ತದೆ. ಸಡಿಲ ಸ್ವಭಾವದ ರಿವಾಲ್ವರ್‌ಗಳು ಇದನ್ನು ಕ್ಷಮಿಸಿಯಾವು. ಕಾಕಾರ ರಿವಾಲ್ವರಿನಲ್ಲಿ ಕಾಡತೂಸು ಕೂರುವ ಆರು ರಂಧ್ರದ ಸಿಲಿಂಡರ್ ಅತ್ತೆಯಂಥದು, ಎಳ್ಳಷ್ಟೂ ಬಿಟ್ಟುಕೊಡದು. ಆದ್ದರಿಂದ ತುಂಬಿದ ಪ್ರತಿಯೊಂದನ್ನೂ ಅದರ ರಂಧ್ರಕ್ಕೆ ಇಳಿಬಿಟ್ಟು, ತನ್ನ ಭಾರಕ್ಕೆ ತಾನೇ ಜಾರುತ್ತದೋ ಎಂದು ನೋಡಬೇಕು.

“ಒಂದೊಂದೂ ಹಾಕಿ ನೋಡಪಾ ತಮ್ಮಾ,” ಎಂದು ಹೇಳಿ ಕಾಕಾ ಚಹಾಕ್ಕೆ ಒಳಗೆ ಹೋದರು.

ಅವರ ಕಣ್ಣೆದುರು ತುಂಬಿದ ಐದೂ ಸಲೀಸಾಗಿ ಇಳಿದಿದ್ದವು. ಐದು ಪಾಸಾದರೆ ಉಳಿದವೂ ಪಾಸು. ನಮ್ಮ ಆಫೀಸಿನಲ್ಲಿ ಈ ಸಿದ್ಧಾಂತಕ್ಕೆ ಪ್ರಮೋಷನ್ ಸಿಕ್ಕಿದೆ. ಮದ್ದು ಹಾಕುವಾಗ ಮಾತ್ರ ಗಂಭೀರನಾಗಿದ್ದೆ, ಬೆರಳುಗಳ ಮೇಲೆ ನನಗೆ ಪ್ರೀತಿಯಿದೆ. ಮಿಕ್ಕ ಹೊತ್ತೆಲ್ಲ ಕಾಕಾರ ಕನ್ನಡಕವನ್ನು ಮೂಗಿನ ತುದಿಗಿಟ್ಟು, ಅವರ ಮೈಕ್ರೋಮೀಟರಿನಲ್ಲಿ ನನ್ನ ಕಿರುಬೆರಳನ್ನು ಅಳೆದು, ದಪ್ಪ ಹೆಚ್ಚಾಯಿತೆಂದು ಅವರದೇ ದನಿಯಲ್ಲಿ ತಿರಸ್ಕರಿಸುವ ವಿಡಿಯೊ ಮಾಡಿ ಗೆಳೆಯರಿಗೆ ಕಳಿಸಿದೆ. ಚಿಪ್ಪಿನ ಬಾಯಿ ಅಗಲಿಸುವುದು ಯಾವಾಗ ಮರೆತುಹೋಯಿತೋ ತಿಳಿಯದು. ನನ್ನ ಬಾಯಂತೂ ಅಗಲವಾಗಿಯೇ ಇತ್ತು.

ಶನಿವಾರ ಬೆಳಿಗ್ಗೆ ಸ್ಪರ್ಧೆಯಲ್ಲಿ, ಕಾಕಾ ಸಮೇತ ಎಲ್ಲರೆದುರು, ಆರು ಹಾಕಿದೆ. ಒಂದೂ ಪೂರ್ತಿ ಇಳಿಯಲಿಲ್ಲ. ಉಗುರಿನ ದಪ್ಪದಷ್ಟು ಹೊರಗೇ ನಿಂತವು, ಸಿಲಿಂಡರ್ ಮುಚ್ಚಲಿಲ್ಲ. ಹೆಬ್ಬೆರಳಿನಿಂದ ಒತ್ತಲು ಹೋದೆ, ಮೇಲ್ವಿಚಾರಕ ತಡೆದ. ಇನ್ನಾರು ಹಾಕಿದೆ, ಅದೇ ಕಥೆ. ಪರೀಕ್ಷೆಯಾಗಿದ್ದ ಐದು ಪೆಟ್ಟಿಗೆಯ ಯಾವ ಮೂಲೆಯಲ್ಲಿದ್ದವೋ ಹುಡುಕುವಷ್ಟರಲ್ಲಿ ಸಮಯ ಮುಗಿಯಿತು. ಒಂಬತ್ತು ವರ್ಷದಲ್ಲಿ ಮೊದಲ ಸಲ ಕಾಕಾರ ಹೆಸರಿನ ಮುಂದೆ ಸೊನ್ನೆ ಬಿತ್ತು.

ಅವರು ಒಂದು ಕಾಡತೂಸನ್ನು ಎತ್ತಿಕೊಂಡು ಸೀಸದ ಬಳೆಯನ್ನು ಉಗುರಿನಿಂದ ಕೆರೆದು ನೋಡಿದರು. ಬೈಯಲಿಲ್ಲ. ಬೈದಿದ್ದರೆ ಅದನ್ನೂ ಅನುಕರಿಸಿ ನಾಲ್ಕು ಜನರನ್ನು ನಗಿಸಿ ಬದುಕಿಕೊಳ್ಳುತ್ತಿದ್ದೆ. ಮೌನದ ಮಿಮಿಕ್ರಿ ನನಗೆ ಬಾರದು. ತಡೆಯಲಾರದೆ ನಾನೇ ಬಾಯಿಬಿಟ್ಟೆ.

“ಕಾಕಾ, ನಿಮ್ ರಿವಾಲ್ವರೇ ತುಂಬಾ ಟೈಟು. ಬೇರೆ ಯಾರದ್ದಾದ್ರೂ ಆಗಿದ್ರೆ ಆರಾಮಾಗಿ ಹೋಗಿರೋದು.”

ಕಾಕಾ ಆ ಕಾಡತೂಸನ್ನು ನನ್ನ ಅಂಗೈ ಮೇಲಿಟ್ಟರು.

“ಹೌದಪಾ, ಟೈಟ್ ಐತಿ. ನಿನ್ನಂಥಾವ್ರು ತುಂಬಿದ್ದು ಹಾರಬಾರ್ದಂತನ ಟೈಟ್ ಮಾಡ್ಯಾರ.”