ನಾನು ತೆರೆದ ಕಿಂಡಿ, ಅದು ಮುಚ್ಚಿದ ಕಿಂಡಿ

ಅರಸೀಕೆರೆಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವುದು ನನ್ನ ಕೆಲಸ. ಕಂಪ್ಯೂಟರುಗಳನ್ನೆಲ್ಲ ಒಂದಕ್ಕೊಂದು ಜೋಡಿಸುವ ಸ್ವಿಚ್ ಎಂಬ ಪೆಟ್ಟಿಗೆ ನನಗೆ ಹಳೇ ಪರಿಚಯ. ಅದರ ಕಿಂಡಿಗೆ ವೈರ್ ಚುಚ್ಚಿದರೆ ದೀಪ ಹತ್ತಬೇಕು. ಹತ್ತಲಿಲ್ಲವೆಂದರೆ ವೈರ್ ಕೆಟ್ಟಿದೆ, ಇಲ್ಲಾ ಕಿಂಡಿ ಕೆಟ್ಟಿದೆ. ಅಷ್ಟೇ ವಿದ್ಯೆ.

ಕಣಕಟ್ಟೆಯಲ್ಲಿರುವ ನಮ್ಮದೇ ಇನ್ನೊಂದು ಕಾಲೇಜಿಗೆ ಹೋದ ವರ್ಷ ಹೊಸ ಸ್ವಿಚ್ ಬಂತು. ಅದನ್ನು ಬೆಂಗಳೂರಿನ ಕಚೇರಿಯವರು ಅಲ್ಲಿ ಕೂತೇ ಒಂದು ಸಾಫ್ಟ್‌ವೇರಿನಲ್ಲಿ ನೋಡಿಕೊಳ್ಳುತ್ತಾರಂತೆ. ಆದರೂ ಅಡ್ಮಿಷನ್ ಹೊತ್ತಿನಲ್ಲಿ ಲ್ಯಾಬಿಗೆ ನೆಟ್ ನಿಂತಾಗ ಪ್ರಿನ್ಸಿಪಾಲರು ಫೋನ್ ಮಾಡಿದ್ದು ನನಗೆ. ಬಸ್ಸು ಹತ್ತಿ ಹೋದೆ.

ಲ್ಯಾಬಿನ ವೈರ್ ಬಂದು ಸೇರುವ ಹನ್ನೊಂದನೇ ಕಿಂಡಿಯ ದೀಪ ಆರಿತ್ತು. ವೈರ್ ಬದಲಿಸಿದೆ, ಹತ್ತಲಿಲ್ಲ. ಪೆಟ್ಟಿಗೆಗೆ ಲ್ಯಾಪ್‌ಟಾಪ್ ಹಚ್ಚಿ, ಆಜ್ಞೆ ಕೊಟ್ಟು ಕಿಂಡಿಯನ್ನು ತೆರೆದೆ, ಹಸಿರು ದೀಪ ಬಂತು. ಸಮಾಧಾನವಾಗುವಷ್ಟರಲ್ಲಿ ಮತ್ತೆ ಆರಿತು. ಮೂರು ಸಲ ತೆರೆದೆ, ಮೂರು ಸಲವೂ ಮುಚ್ಚಿಕೊಂಡಿತು. ನನ್ನ ಕೈಯೇ ತಪ್ಪುತ್ತಿದೆಯೇನೋ ಎಂದು ಅನುಮಾನ ಬಂತು.

ಪಕ್ಕದಲ್ಲಿ ನಿಂತಿದ್ದ ವಯಸ್ಸಾದ ಅಟೆಂಡರ್ ಕೇಳಿದರು: "ಯಾರೋ ಆರಿಸ್ತಾವ್ರೆ ಅಂತ ಕಾಣ್ತೈತಲ್ಲ, ಮೇಡಂ?"

ನನಗೂ ಹಾಗೇ ಅನ್ನಿಸಿ ಬೆಂಗಳೂರಿಗೆ ಫೋನ್ ಹಚ್ಚಿದೆ. "ನನ್ನ ಕೆಲಸಕ್ಕೆ ಅಡ್ಡ ಯಾಕೆ ಬರ್ತಿದ್ದೀರಿ?" ಅಂದೆ, ಸ್ವಲ್ಪ ಜೋರಾಗಿಯೇ.

ಆ ಕಡೆಯ ಹುಡುಗಿ ತಾಳ್ಮೆಯಿಂದ ಹೇಳಿದಳು: "ನಾನೇನೂ ಮಾಡಿಲ್ಲ ಮೇಡಂ. ಅದೇ ಮುಚ್ಚಿಕೊಂಡಿದೆ. ಲ್ಯಾಬಲ್ಲಿ ಎಲ್ಲೋ ಲೂಪ್ ಆಗಿದೆ, ವೈರ್ ಸುತ್ತಿಕೊಂಡು ಹೊರಟಲ್ಲಿಗೇ ಬಂದಿದೆ, ನೋಡಿ."

"ಅದೇ ಅಂದ್ರೆ ಯಾವುದು? ಈ ಪೆಟ್ಟಿಗೆನಾ, ನಿಮ್ಮ ಹತ್ರ ಇರೋದಾ?"

ಅವಳೂ ಒಂದು ಗಳಿಗೆ ಯೋಚಿಸಿದಳು. "ಎರಡೂ ಸೇರಿ ಅನ್ನಬಹುದು."

ಲ್ಯಾಬಿಗೆ ಹೋಗಿ ಮೇಜಿನ ಕೆಳಗೆ ಬಗ್ಗಿ ನೋಡಿದೆ. ಅಲ್ಲಿದ್ದ ಹಳೇ ಸಣ್ಣ ಸ್ವಿಚ್ಚಿಗೆ ಯಾರೋ ಒಂದೇ ವೈರಿನ ಎರಡೂ ತುದಿ ಚುಚ್ಚಿದ್ದರು. ಇಂಥದ್ದೇ ತಪ್ಪಿಗೆ ಒಮ್ಮೆ ಅರಸೀಕೆರೆಯಲ್ಲಿ ನಮ್ಮ ಇಡೀ ಕಾಲೇಜಿನ ನೆಟ್ ಒಂದು ದಿನ ನಿಂತುಹೋಗಿತ್ತು. ಒಂದೊಂದೇ ವೈರ್ ಕಿತ್ತು ಹುಡುಕಿದ್ದೆ. ಇಲ್ಲಿ ಪೆಟ್ಟಿಗೆ ಆ ಒಂದು ಕಿಂಡಿಯನ್ನು ಮುಚ್ಚಿದ್ದರಿಂದ ಲ್ಯಾಬ್ ಬಿಟ್ಟು ಉಳಿದದ್ದೆಲ್ಲ ನಡೆಯುತ್ತಲೇ ಇತ್ತು. ಪೆಟ್ಟಿಗೆ ಕಾಪಾಡುತ್ತಿದ್ದುದನ್ನು ಮೂರು ಸಲ ಕೆಡಿಸಲು ಹೊರಟವಳು ನಾನೇ.

ವೈರ್ ಕಿತ್ತೆ. ಹನ್ನೊಂದನೇ ದೀಪ ತಾನಾಗಿಯೇ ಹತ್ತಿತು. ಖುಷಿಪಡಬೇಕೋ ನಾಚಬೇಕೋ ತಿಳಿಯಲಿಲ್ಲ.

ಆಮೇಲೆ ಬೆಂಗಳೂರಿನವರನ್ನು ಕೇಳಿ ಅವರ ಸಾಫ್ಟ್‌ವೇರಿಗೆ ಒಂದು ಲಾಗಿನ್ ಪಡೆದೆ. ನೋಡಬಹುದು, ಬದಲಿಸುವ ಹಾಗಿಲ್ಲ. ದಿನಾ ಬೆಳಿಗ್ಗೆ ತೆರೆದು ಕೂರುತ್ತೇನೆ. ಏನೋ ಮುಚ್ಚಿತು, ಏನೋ ತೆರೆಯಿತು ಎಂದು ಬರೆದಿರುತ್ತದೆ. ಅರ್ಧ ಅರ್ಥವಾಗುತ್ತದೆ.