ಅಪ್‌ಗ್ರೇಡ್ ಇಲ್ಲ ಕಣ್ರೀ

ಸಂಜಯನಗರದ ಆಸ್ಪತ್ರೆಯೊಂದರಲ್ಲಿ ಟೋಕನ್ ನಂಬರ್ ತೋರಿಸುವ ಟಿವಿ ಕೆಟ್ಟಿದೆ ಅಂತ ನನ್ನನ್ನು ಕರೆಸಿದ್ದರು. ಟಿವಿ ಚೆನ್ನಾಗೇ ಇತ್ತು. ನಂಬರ್ ತಾನಾಗಿ ಬದಲಾಗಬೇಕಾದರೆ ಸರ್ವರ್ ಜೊತೆ ವೆಬ್‌ಸಾಕೆಟ್ ಅನ್ನೋ ಸಂಪರ್ಕ ಸದಾ ತೆರೆದಿರಬೇಕು. ಅದನ್ನು ತೆರೆಯಲು ಟಿವಿ ‘ಅಪ್‌ಗ್ರೇಡ್’ ಅಂತ ಕೇಳುತ್ತದೆ. ಬಂದ ಕೋರಿಕೆಯನ್ನು ಎಲ್ಲಿಗೆ ಕಳಿಸಬೇಕು ಅಂತ ಹೇಳುವ, ನಡುವಿನ ವೆಬ್ ಸರ್ವರಿನ ರೀರೈಟ್ ರೂಲು ಆ ಮಾತನ್ನು ದಾಟಿಸುತ್ತಲೇ ಇರಲಿಲ್ಲ.

“ಅಪ್‌ಗ್ರೇಡ್ ಅಂತ ಬಂದ್ರೆ ಒಳಗೆ ಬಿಡೋಕೆ ಒಂದು ರೂಲ್ ಹಾಕ್ಬೇಕು ಸರ್,” ಅಂದೆ ಐಟಿ ಮ್ಯಾನೇಜರಿಗೆ.

“ಈ ವರ್ಷ ಯಾವ ಅಪ್‌ಗ್ರೇಡೂ ಇಲ್ಲ ಕಣ್ರೀ. ಮೇಲಿನವರ ಆರ್ಡರ್.”

“ಸರ್, ಅದು ಬರೀ ಒಂದು ಪದ!”

“ಪದ ಅದೇ ತಾನೇ?”

ಸಿಟ್ಟಿನಿಂದ ಎದ್ದುಬಂದೆ. ಆ ರೂಲಿಗೂ ಈ ಮನುಷ್ಯನಿಗೂ ಏನು ವ್ಯತ್ಯಾಸ? ಹೊರಗೆ ರಾಜಾನುಕುಂಟೆಯಿಂದ ಬಂದಿದ್ದ ಅಜ್ಜಿಯೊಬ್ಬರು ಕದಲದ ನಂಬರನ್ನೇ ನೋಡುತ್ತಾ ಕೂತು ತಮ್ಮ ಸರದಿ ಕಳೆದುಕೊಂಡಿದ್ದರು. “ಇಂಗಾದ್ರೆ ಎಂಗಪ್ಪಾ?” ಅಂತ ನನ್ನನ್ನೇ ಕೇಳಿದರು.

ಮತ್ತೆ ಒಳಗೆ ಹೋದೆ. “ಸರ್, ರಿಪೇರಿ ಮಾಡ್ಲಾ?”

“ಅದಕ್ಕೇ ಅಲ್ವೇನ್ರೀ ಕರೆಸಿದ್ದು!”

ಅದೇ ರೂಲ್ ಹಾಕಿದೆ. ನಂಬರ್ ಓಡತೊಡಗಿತು. ನಾನು ಬ್ಯಾಗ್ ಎತ್ತಿಕೊಳ್ಳುವಾಗ ಆತ ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದ: “ಸರ್, ಸಿಸ್ಟಮ್ ಅಪ್‌ಗ್ರೇಡ್ ಮಾಡಿಸ್ಬಿಟ್ಟೆ!”